ಕಾಣೆಯಾದವರ ಜಾತಿ

ಮುರಳಿ ಚಂಡಾಲ ಎಂಬ ಬಡ ಯುವಕ ತನ್ನ ಸೋದರಿ ಕೃಷ್ಣಾ ಕಾಣೆಯಾಗಿದ್ದಾಳೆ ಅಂತ ಪೊಲೀಸರ ಮುಂದೆ ಅಂಗಲಾಚುತ್ತಾನೆ. ಓಡಿಹೋಗಿದ್ದಾಳೆ, ಕಾಗದ ಬೇರೆ ಬರೆದಿಟ್ಟಿದ್ದಾಳೆ, ಇನ್ನೇನು ಹುಡುಕೋದು ಅನ್ನುತ್ತಾರೆ ಅವರು. ಅದೇ ಹೊತ್ತಿಗೆ ಠಾಕೂರರ ಹುಡುಗಿಯೊಬ್ಬಳು ಮುಸ್ಲಿಂ ಹುಡುಗನ ಜೊತೆ ಹೋಗುತ್ತಾಳೆ. ಊರಿಗೆ ಊರೇ ಎದ್ದು ನಿಲ್ಲುತ್ತದೆ, ರಾಜಕಾರಣಿಗಳು ಬರುತ್ತಾರೆ, ಜೀಪುಗಳು ಓಡುತ್ತವೆ. ಮುರಳಿಗೆ ಆಗ ಗುಟ್ಟು ಹೊಳೆಯುತ್ತದೆ. ನನ್ನ ಸೋದರಿಯನ್ನೂ ಮುಸ್ಲಿಮನೇ ಕರಕೊಂಡು ಹೋದ ಅಂತ ಒಂದು ಸುಳ್ಳು ಹೇಳುತ್ತಾನೆ. ತಕ್ಷಣ ಅವಳ ಫೈಲು ಮೇಲಕ್ಕೆ ಬರುತ್ತದೆ.

2023ರ ಮೇ ತಿಂಗಳಲ್ಲಿ ಅಮೆಜಾನ್ ಪ್ರೈಮ್‌ನಲ್ಲಿ ಬಂದ ಎಂಟು ಕಂತಿನ ಹಿಂದಿ ಧಾರಾವಾಹಿ ‘ದಹಾಡ್’ ಹೀಗೆ ಆರಂಭವಾಗುತ್ತದೆ. ದಹಾಡ್ ಅಂದರೆ ಘರ್ಜನೆ. ರೀಮಾ ಕಾಗ್ತಿ ಮತ್ತು ರುಚಿಕಾ ಒಬೆರಾಯ್ ನಿರ್ದೇಶಿಸಿದ್ದಾರೆ. ಕಥೆ ನಡೆಯುವುದು ರಾಜಸ್ಥಾನದ ಮಂಡಾವಾದಲ್ಲಿ. ಬಡ ಜಾತಿಗಳ ಹೆಣ್ಣುಮಕ್ಕಳು ಒಬ್ಬೊಬ್ಬರೇ ಮದುವಣಗಿತ್ತಿಯ ಸೀರೆಯುಟ್ಟು, ಸಾರ್ವಜನಿಕ ಶೌಚಾಲಯಗಳಲ್ಲಿ ಸತ್ತು ಸಿಗುತ್ತಾರೆ. ಒಳಗಿನಿಂದ ಚಿಲಕ ಹಾಕಿದ ಬಾಗಿಲು, ಹೊಟ್ಟೆಯಲ್ಲಿ ಸೈನೈಡ್. ಪೊಲೀಸರು ಆತ್ಮಹತ್ಯೆ ಅಂತ ಬರೆದು ಕೈತೊಳೆದುಕೊಂಡಿರುತ್ತಾರೆ.

ನಮ್ಮ ಕರಾವಳಿಯವರಿಗೆ ಈ ಕಥೆಯ ಗುರುತು ಹತ್ತದೆ ಇರದು. ಬಂಟ್ವಾಳ ತಾಲೂಕಿನ ಪ್ರಾಥಮಿಕ ಶಾಲೆಯ ಮೇಷ್ಟ್ರು ಮೋಹನಕುಮಾರ, ಪತ್ರಿಕೆಗಳು ಕರೆದಂತೆ ‘ಸೈನೈಡ್ ಮೋಹನ’, ಇಪ್ಪತ್ತು ಹೆಣ್ಣುಮಕ್ಕಳನ್ನು ಕೊಂದದ್ದು ಇದೇ ದಾರಿಯಲ್ಲಿ. ವರದಕ್ಷಿಣೆ ಬೇಡ, ನಾನೂ ನಿಮ್ಮ ಜಾತಿಯವನೇ ಅಂತ ನಂಬಿಸುವುದು, ದೂರದ ಊರಿನ ಲಾಡ್ಜಿನಲ್ಲಿ ಒಂದು ರಾತ್ರಿ, ಬೆಳಿಗ್ಗೆ ಒಡವೆ ರೂಮಿನಲ್ಲೇ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು ಬಸಿರು ನಿಲ್ಲದಿರಲಿ ಅಂತ ಒಂದು ಗುಳಿಗೆ. ಶೌಚಾಲಯಕ್ಕೆ ಹೋಗಿ ನುಂಗು ಅಂದರೆ ಮುಗಿಯಿತು. ಹೆಣ ಸಿಕ್ಕ ಊರಿನಲ್ಲಿ ಅವಳ ಹೆಸರು ಗೊತ್ತಿಲ್ಲ. ಹೆಸರು ಗೊತ್ತಿರುವ ಊರಿನಲ್ಲಿ ಅವಳು ಸತ್ತದ್ದೇ ಗೊತ್ತಿಲ್ಲ. 2009ರಲ್ಲಿ ಬರಿಮಾರಿನ ಹುಡುಗಿಯೊಬ್ಬಳು ಕಾಣೆಯಾದಾಗ, ಮುಸ್ಲಿಮನ ಜೊತೆ ಹೋಗಿದ್ದಾಳೆ ಎಂಬ ಗುಲ್ಲೆದ್ದು ಠಾಣೆಯ ಮುಂದೆ ಜನ ಸೇರಿದರು. ಆಮೇಲೆ ಪೊಲೀಸರು ಫೋನಿನ ಲೆಕ್ಕ ತೆಗೆದರು. ಕಾಣೆಯಾದ ಒಬ್ಬಳ ಫೋನು ಕಾಣೆಯಾದ ಇನ್ನೊಬ್ಬಳ ಫೋನಿಗೆ ದಾರಿ ತೋರಿಸಿತು. ಹಾಗೆ ಎಳೆ ಹಿಡಿದು ಹೋದರೆ ಮೇಷ್ಟ್ರು ಸಿಕ್ಕ. 2013ರಲ್ಲಿ ಮಂಗಳೂರಿನ ನ್ಯಾಯಾಲಯ ಅವನಿಗೆ ಮರಣದಂಡನೆ ವಿಧಿಸಿತು, 2017ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು.

ಅಂದರೆ ಮುರಳಿಯ ಸುಳ್ಳು ಬರೀ ಕಥೆಗಾರರ ಕಲ್ಪನೆಯಲ್ಲ. ಕೋಮುದ್ವೇಷದ ಬೆಂಕಿ ಬೀಳದೆ ಹೋಗಿದ್ದರೆ ಆ ಹೆಣ್ಣುಮಕ್ಕಳು ಇವತ್ತಿಗೂ ಅಸಹಜ ಸಾವಿನ ರಿಜಿಸ್ಟರಿನಲ್ಲೇ ಇರುತ್ತಿದ್ದರೋ ಏನೋ. ಇದೆಂಥ ನಾಚಿಕೆಗೇಡು! ದ್ವೇಷಕ್ಕಿರುವ ಕಿವಿ ಕಾನೂನಿಗಿಲ್ಲ.

ಪತ್ತೇದಾರಿ ಕಥೆಗಳಲ್ಲಿ ಈಗ ಒಬ್ಬ ಪಂಡಿತ ಬೇಕೇಬೇಕು. ಕೊಲೆಗಾರನ ಮನಸ್ಸನ್ನು ಓದಿ ಅವನ ವಯಸ್ಸು, ವಿದ್ಯೆ, ಸ್ವಭಾವ ಹೇಳುವವನು. ಇಂಗ್ಲಿಷಿನಲ್ಲಿ ಅವನಿಗೆ ಪ್ರೊಫೈಲರ್ ಅನ್ನುತ್ತಾರೆ. ‘ದಹಾಡ್’ ನೋಡುತ್ತ ನನಗೆ ಅನ್ನಿಸಿದ್ದು: ಇಲ್ಲಿ ಆ ವಿದ್ಯೆಯನ್ನು ಪೊಲೀಸರಿಗಿಂತ ಮೊದಲೇ ಕಲಿತವನು ಕೊಲೆಗಾರ. ಆನಂದ ಸ್ವರ್ಣಕಾರ ಕಾಲೇಜಿನಲ್ಲಿ ಹಿಂದಿ ಸಾಹಿತ್ಯ ಹೇಳುವ ಮೇಷ್ಟ್ರು, ವ್ಯಾನಿನಲ್ಲಿ ಪುಸ್ತಕ ಹಾಕಿಕೊಂಡು ಹಳ್ಳಿ ಮಕ್ಕಳಿಗೆ ಹಂಚುವ ಸಜ್ಜನ. ಯಾವ ಅಪ್ಪನ ಹತ್ತಿರ ವರದಕ್ಷಿಣೆಗೆ ದುಡ್ಡಿಲ್ಲ, ಯಾವ ಮನೆ ಮರ್ಯಾದೆಗೆ ಅಂಜಿ ಬಾಯಿ ಮುಚ್ಚಿಕೊಳ್ಳುತ್ತದೆ, ಯಾವ ಜಾತಿಯ ದೂರನ್ನು ಠಾಣೆ ಕಸದ ಬುಟ್ಟಿಗೆ ಹಾಕುತ್ತದೆ, ಅವನಿಗೆ ಎಲ್ಲ ಬಾಯಿಪಾಠ. ಜಾತಿಪದ್ಧತಿ ತಾನೇ ಆ ಪಟ್ಟಿಯನ್ನು ತಯಾರಿಸಿ ಅವನ ಕೈಗೆ ಕೊಟ್ಟಿತ್ತು. ವಿಜಯ್ ವರ್ಮಾ ಈ ಪಾತ್ರವನ್ನು ಎಲ್ಲೂ ದನಿ ಏರಿಸದೆ ಮಾಡಿದ್ದಾರೆ. ಅದಕ್ಕೇ ಮೈ ಜುಮ್ಮೆನ್ನುತ್ತದೆ.

ಅವನ ಬೆನ್ನು ಹತ್ತುವವಳು ಸಬ್ ಇನ್ಸ್‌ಪೆಕ್ಟರ್ ಅಂಜಲಿ ಭಾಟಿ, ಸೋನಾಕ್ಷಿ ಸಿನ್ಹಾ. ಹುಟ್ಟಿನಿಂದ ಮೇಘವಾಲ್, ದಲಿತಳು. ಮಗಳು ತಲೆಯೆತ್ತಿ ಬದುಕಲಿ ಅಂತ ಅಪ್ಪ ಹೆಸರು ಬದಲಿಸಿದ್ದಾನೆ. ಹೆಸರು ಬದಲಾದರೂ ಠಾಣೆಯ ಮೂಗು ಬದಲಾಗಲಿಲ್ಲ. ಅವಳು ಹಾದುಹೋದಾಗಲೆಲ್ಲ ಅಲ್ಲಿನ ನೌಕರನೊಬ್ಬ ಊದಿನಕಡ್ಡಿ ಹಚ್ಚುತ್ತಾನೆ. ಯಾರೂ ಏನೂ ಅನ್ನುವುದಿಲ್ಲ. ಕ್ಯಾಮರಾ ಕೂಡ ಅಲ್ಲಿ ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಖಾಕಿ, ಪಿಸ್ತೂಲು, ಬುಲೆಟ್ ಗಾಡಿ ಎಲ್ಲ ಇದ್ದರೂ ಆ ಎರಡೆಳೆ ಹೊಗೆಯ ಮುಂದೆ ಅವಳು ಮತ್ತೆ ಕೇರಿಯ ಹುಡುಗಿ. ನಮ್ಮ ಆಫೀಸುಗಳಲ್ಲಿ ಬೇರೆ ನೀರಿನ ಲೋಟ ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲ್ಜಾತಿಯ ಮನೆಯೊಡೆಯ ಹೊಸಿಲಲ್ಲಿ ತಡೆದಾಗ ಅವಳು ಸಂವಿಧಾನದ ಮಾತಾಡುವ ದೃಶ್ಯಕ್ಕೆ ಚಪ್ಪಾಳೆ ಬಿದ್ದಿರಬಹುದು. ನನಗೆ ಊದಿನಕಡ್ಡಿಯೇ ದೊಡ್ಡದು. ಮನೆಯಲ್ಲೂ ಅವಳಿಗೆ ಬಿಡುಗಡೆಯಿಲ್ಲ. ಮದುವೆಯಾಗು ಅಂತ ತಾಯಿ ದಿನಾ ಜೀವ ತಿನ್ನುತ್ತಾಳೆ. ಸತ್ತ ಹೆಣ್ಣುಮಕ್ಕಳನ್ನು ಮೇಷ್ಟ್ರ ಕೈಗೆ ತಳ್ಳಿದ್ದು ಇದೇ ವರಾತ ಅಂತ ಅಂಜಲಿಗೆ ಗೊತ್ತು, ತಾಯಿಗೆ ಗೊತ್ತಿಲ್ಲ.

ತಕರಾರು ಇರುವುದು ಮುಂದಿನ ಕಂತುಗಳ ಬಗ್ಗೆ. ಇಷ್ಟು ಕಂಡವರು ಆಮೇಲೆ ಮೇಷ್ಟ್ರ ತಲೆಯೊಳಗೆ ಇಳಿದುಬಿಡುತ್ತಾರೆ. ಅವನ ಅಪ್ಪ, ಅವನ ಬಾಲ್ಯ, ಅವನ ಗಾಯ. ಯಾಕೆ ಬೇಕಿತ್ತು? ಹುಚ್ಚನೊಬ್ಬ ಮಾಡಿದ ಅಂದರೆ ನೋಡುವ ಮಧ್ಯಮವರ್ಗಕ್ಕೆ ನೆಮ್ಮದಿ. ಹುಚ್ಚನನ್ನು ಹಿಡಿದರೆ ಮುಗಿಯಿತು. ದೂರು ಬರೆದುಕೊಳ್ಳದ ಹೆಡ್ ಕಾನ್‌ಸ್ಟೇಬಲ್ಲನ ಬಾಲ್ಯವನ್ನು ಯಾರೂ ಕೇಳುವುದಿಲ್ಲ. ವರದಕ್ಷಿಣೆ ಕೇಳಿದ ಗಂಡಿನ ಕಡೆಯವರು ಒಬ್ಬರೂ ವಿಚಾರಣೆಗೆ ಬರುವುದಿಲ್ಲ.

ಕೊನೆಗೆ ಅಂಜಲಿ ಭಾಟಿ ಅನ್ನುವುದನ್ನು ಕಳಚಿ ಮೇಘವಾಲ್ ಹೆಸರಿಗೆ ಅರ್ಜಿ ಹಾಕುತ್ತಾಳೆ. ಇದು ಸುಲಭದ ಮುಕ್ತಾಯ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅಡಗಿಸಿಟ್ಟ ಜಾತಿಯ ಹೆಸರನ್ನು ಸರ್ಕಾರಿ ಕಾಗದದ ಮೇಲೆ ವಾಪಸು ಬರೆಯುವುದು ಎಷ್ಟು ಭಾರ ಅಂತ ಬರೆದವರಿಗೇ ಗೊತ್ತು. ಆದರೆ ಸತ್ತವರ ಹೆಸರುಗಳು? ಒಬ್ಬಿಬ್ಬರನ್ನು ಬಿಟ್ಟರೆ ಅವರೆಲ್ಲ ಠಾಣೆಯ ಗೋಡೆಗೆ ಅಂಟಿಸಿದ ಫೋಟೋ ಅಷ್ಟೆ. ಮೇಷ್ಟ್ರಿಗೆ ಇಷ್ಟೊಂದು ಮಾತು ಸಿಕ್ಕಿದೆ. ಮುರಳಿ ಅಷ್ಟೆಲ್ಲ ಅಲೆದದ್ದು ಕೃಷ್ಣಾಳಿಗಾಗಿ. ಅವಳು ಏನು ಆಸೆಪಟ್ಟು ಆ ಬೆಳಿಗ್ಗೆ ಸೀರೆ ಉಟ್ಟಳೋ ನಮಗೆ ಯಾರೂ ಹೇಳಲಿಲ್ಲ.