ಸಾವಿನ ಮನೆಯ ಮೂರು ಚಿತ್ರಗಳು

ಹಳೆಯ ಚಲನಚಿತ್ರಗಳಲ್ಲಿ ನೀತಿಯಿತ್ತು, ಈಗಿನವುಗಳಲ್ಲಿ ಅದಿಲ್ಲ ಎಂಬ ಮಾತನ್ನು ನಮ್ಮ ಕುಟುಂಬಗಳ ಹಿರಿಯರು ಆಗಾಗ ಆಡುವುದುಂಟು. ಹಳೆಯವು ನಿಧಾನ, ಬೇಸರ ತರಿಸುವಂಥವು ಎಂದು ಕಿರಿಯರು ಮರುನುಡಿಯುತ್ತಾರೆ. ಚಿತ್ರಗಳನ್ನು ಪ್ರೀತಿಯಿಂದ ನೋಡುತ್ತ ಬಂದವರಿಗೆ ಈ ಎರಡು ಮಾತುಗಳೂ ಪೂರ್ತಿಯಾಗಿ ಒಪ್ಪಿಗೆಯಾಗಲಾರವು. ಪರೀಕ್ಷೆಗಾಗಿ ಕನ್ನಡದ ಮೂರು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡೋಣ: 1970ರ 'ಸಂಸ್ಕಾರ', 1977ರ 'ಘಟಶ್ರಾದ್ಧ', 2015ರ 'ತಿಥಿ'. ಮೂರರ ಹೆಸರುಗಳೂ ಸಾವಿನ ವಿಧಿಗಳನ್ನು ನೆನಪಿಗೆ ತರುತ್ತವೆ. ಆದರೆ ಮೂರೂ ಮುಖ್ಯವಾಗಿ ಹೇಳುವುದು ಬದುಕಿರುವವರ ವಿಚಾರವನ್ನು.

ಯು. ಆರ್. ಅನಂತಮೂರ್ತಿಯವರ ಕಾದಂಬರಿಯನ್ನು ಆಧರಿಸಿ ಪಟ್ಟಾಭಿರಾಮ ರೆಡ್ಡಿಯವರು ನಿರ್ದೇಶಿಸಿದ ಚಿತ್ರ 'ಸಂಸ್ಕಾರ'. ಸೆನ್ಸಾರ್ ಮಂಡಳಿ ಮೊದಲು ಇದರ ಪ್ರದರ್ಶನಕ್ಕೆ ಅಡ್ಡಿ ಮಾಡಿತು. ಬಳಿಕ ಇದೇ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂದು ಸ್ವರ್ಣಕಮಲ ಪಡೆಯಿತು. ಅಗ್ರಹಾರದಲ್ಲಿ ನಾರಣಪ್ಪ ತೀರಿಕೊಂಡಿದ್ದಾನೆ. ಬದುಕಿದ್ದಾಗ ಎಲ್ಲ ಆಚಾರಗಳನ್ನು ಮುರಿದವನು ಅವನು. ಅವನ ಶವಸಂಸ್ಕಾರ ಯಾರು ಮಾಡಬೇಕು? ಹೆಣ ಮನೆಯಲ್ಲಿ ಕೊಳೆಯುತ್ತಿರುವಾಗ ಹೊರಗೆ ಶಾಸ್ತ್ರದ ಚರ್ಚೆ ಬೆಳೆಯುತ್ತದೆ. ಅವನ ಸಂಗಾತಿ ಚಂದ್ರಿ ತನ್ನ ಒಡವೆಗಳನ್ನು ಬಿಚ್ಚಿ ಮುಂದಿಟ್ಟ ಕೂಡಲೇ, ಒಲ್ಲೆ ಎಂದಿದ್ದವರ ಕಣ್ಣುಗಳಲ್ಲಿ ಆಸೆ ಮೂಡುತ್ತದೆ. ಪಂಡಿತರಾದ ಪ್ರಾಣೇಶಾಚಾರ್ಯರು ಗ್ರಂಥಗಳಲ್ಲಿ ಉತ್ತರ ಹುಡುಕುತ್ತಾರೆ, ಸಿಗುವುದಿಲ್ಲ. ಕೊನೆಗೆ ಚಂದ್ರಿಯೇ ಗುಟ್ಟಾಗಿ ದಹನ ಮಾಡಿಸುತ್ತಾಳೆ. ವಿದ್ವಾಂಸರಿಂದ ಆಗದ ಕೆಲಸ, ಸತ್ತವನನ್ನು ಪ್ರೀತಿಸಿದ್ದ ಒಬ್ಬಳಿಂದ ಆಗುತ್ತದೆ.

ಆಚಾರ್ಯರ ಪಾತ್ರದಲ್ಲಿ ಗಿರೀಶ್ ಕಾರ್ನಾಡರ ಮುಖ, ಕಪ್ಪುಬಿಳುಪಿನ ಬೆಳಕಿನಲ್ಲಿ, ಮನಸ್ಸಿನ ತಳಮಳವನ್ನು ಹೆಚ್ಚು ಮಾತಿಲ್ಲದೆ ತೋರಿಸುತ್ತದೆ. ಆದರೆ ಈ ಚಿತ್ರದಲ್ಲಿ ಒಂದು ಕೊರತೆಯೂ ಇದೆ. ಸಂಸ್ಕಾರದ ಹೊಣೆಯನ್ನು ಹೊತ್ತವಳು ಚಂದ್ರಿ. ಆದರೂ ಚಿತ್ರ ಬಹುಬೇಗ ಅವಳನ್ನು ಬಿಟ್ಟು ಆಚಾರ್ಯರ ಹಿಂದೆ ಹೊರಟುಬಿಡುತ್ತದೆ. ಪಂಡಿತನ ಸಂಕಟಕ್ಕೆ ಸಿಕ್ಕಷ್ಟು ಗಮನ ಅವಳ ದುಃಖಕ್ಕೆ ಸಿಗುವುದಿಲ್ಲ.

ಈ ಕೊರತೆಯನ್ನು ಬಹುಮಟ್ಟಿಗೆ ತುಂಬಿದ್ದು 'ಘಟಶ್ರಾದ್ಧ'. ಇದೂ ಅನಂತಮೂರ್ತಿಯವರ ಕಥೆಯೇ. ನಿರ್ದೇಶಕ ಗಿರೀಶ್ ಕಾಸರವಳ್ಳಿಯವರಿಗೆ ಇದು ಮೊದಲ ಕಥಾಚಿತ್ರ. ಇದಕ್ಕೂ ಸ್ವರ್ಣಕಮಲ ಬಂತು. ಮಲೆನಾಡಿನ ವೇದಪಾಠಶಾಲೆಯೊಂದಕ್ಕೆ ಓದಲು ಬಂದ ನಾಣಿ ಎಂಬ ಬಾಲಕನಿಗೆ, ಗುರು ಉಡುಪರ ವಿಧವೆ ಮಗಳು ಯಮುನಕ್ಕ ತಾಯಿಯಂತೆ ಆಸರೆಯಾಗುತ್ತಾಳೆ. ಅವಳು ಗರ್ಭಿಣಿಯಾದ ಸಂಗತಿ ಬಯಲಾದಾಗ, ತಂದೆಯೇ ಬದುಕಿರುವ ಮಗಳ ಶ್ರಾದ್ಧ ಮಾಡಿ ಅವಳನ್ನು ಹೊರಹಾಕುತ್ತಾನೆ. ಅವಳ ಈ ಸ್ಥಿತಿಗೆ ಪಾಲುಗಾರನಾದ ಶಾಲಾಮಾಸ್ತರನಿಗೆ ಅಂಥ ಯಾವ ವಿಧಿಯೂ ಇಲ್ಲ!

ಈ ಚಿತ್ರದ ದೊಡ್ಡ ಬಲವೆಂದರೆ ಅದು ನಾಣಿಯ ಕಣ್ಣಿನಿಂದ ನೋಡುತ್ತದೆ. ಬಾಲಕನಿಗೆ ಎಲ್ಲವೂ ತಿಳಿಯುವುದಿಲ್ಲ. ತನ್ನನ್ನು ಸಲಹಿದವಳಿಗೆ ಅನ್ಯಾಯವಾಗುತ್ತಿದೆ ಎಂಬುದು ಮಾತ್ರ ಅವನಿಗೆ ತಿಳಿಯುತ್ತದೆ. ತಲೆ ಬೋಳಿಸಿಕೊಂಡು ಮರದ ಕೆಳಗೆ ಒಂಟಿಯಾಗಿ ಕುಳಿತ ಯಮುನಕ್ಕನನ್ನು ಅವನು ನೋಡುವ ಕೊನೆಯ ದೃಶ್ಯದಲ್ಲಿ ಯಾರೂ ಉಪದೇಶ ಮಾಡುವುದಿಲ್ಲ. ಹುಡುಗನಿಗೆ ಅವಳ ಬಳಿ ಉಳಿಯುವ ಶಕ್ತಿಯಿಲ್ಲ. ನೋಡುತ್ತಿರುವ ನಮಗೂ ಇಲ್ಲ. ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿದ್ದು ಸಂತೋಷದ ಸಂಗತಿ. ಬೆಳೆದ ಮಕ್ಕಳೊಡನೆ ಹೆತ್ತವರು ಕುಳಿತು ನೋಡಿ, ಬಳಿಕ ಮಾತನಾಡಬೇಕಾದ ಚಿತ್ರವಿದು.

ಸುಮಾರು ನಾಲ್ಕು ದಶಕಗಳ ನಂತರ ಬಂದ 'ತಿಥಿ' ನೋಡಲು ಬೇರೆಯೇ ಲೋಕ. ಮಲೆನಾಡಿನ ಅಗ್ರಹಾರವಿಲ್ಲ, ಮಂಡ್ಯ ಸೀಮೆಯ ಒಕ್ಕಲು ಮನೆತನವಿದೆ. ರಾಮ್ ರೆಡ್ಡಿಯವರು ಈರೇಗೌಡರೊಡನೆ ಸೇರಿ ಕಥೆ ಹೆಣೆದು, ನಟನೆಯ ಅನುಭವವಿಲ್ಲದ ಹಳ್ಳಿಯ ಜನರಿಂದಲೇ ಪಾತ್ರ ಮಾಡಿಸಿದರು. ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ, ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಎರಡೂ ಇದಕ್ಕೆ ದೊರೆತವು. ನೂರೊಂದು ವರ್ಷದ ಸೆಂಚುರಿಗೌಡ ದಾರಿಹೋಕರನ್ನು ಬೈಯುತ್ತಿದ್ದು ಹಠಾತ್ತನೆ ಕುಸಿದು ಸಾಯುತ್ತಾನೆ. ಹನ್ನೊಂದನೆಯ ದಿನದ ತಿಥಿಗೆ ಊರಿಗೆಲ್ಲ ಊಟ ಹಾಕಬೇಕು. ಮೊಮ್ಮಗ ತಮ್ಮಣ್ಣನ ಕಣ್ಣು ಜಮೀನಿನ ಮೇಲೆ. ಅವನ ತಂದೆ ಗಡ್ಡಪ್ಪನಿಗೋ ಜಮೀನೂ ಬೇಡ, ಸಹಿಯೂ ಬೇಡ. ಬೀಡಿ ಸೇದುತ್ತ ಅಲೆಯುವುದೇ ಅವನ ಬಾಳು. ಆಗ ತಮ್ಮಣ್ಣ ಏನು ಮಾಡುತ್ತಾನೆ? ಸಾಲ ತೆಗೆದು, ತಂದೆಯನ್ನು ದೂರದ ಊರಿಗೆಂದು ಸಾಗಹಾಕಿ, ಬದುಕಿರುವ ಅವನ ಹೆಸರಿನಲ್ಲಿ ಮರಣಪತ್ರ ಮಾಡಿಸುತ್ತಾನೆ.

ಇಲ್ಲಿ ನಿಂತು ಯೋಚಿಸಬೇಕು. 1977ರ ಚಿತ್ರದಲ್ಲಿ ತಂದೆ ಬದುಕಿದ್ದ ಮಗಳನ್ನು ಸತ್ತವಳೆಂದು ಮಡಕೆ ಒಡೆದು ಸಾರಿದ. 2015ರ ಚಿತ್ರದಲ್ಲಿ ಮಗ ಬದುಕಿದ್ದ ತಂದೆಯನ್ನು ಕಾಗದದ ಮೇಲೆ ಸಾಯಿಸಿದ. ಮೊದಲನೆಯದಕ್ಕೆ ಮಾನದ ಭಯ ಕಾರಣ, ಎರಡನೆಯದಕ್ಕೆ ಹಣದ ಆಸೆ. ಹಳೆಯ ಚಿತ್ರದಲ್ಲಿ ನಾವು ಅಳುತ್ತೇವೆ, ಹೊಸದರಲ್ಲಿ ನಗುತ್ತೇವೆ. ಆದರೆ ಎರಡು ಕಡೆಯೂ ಆಗುತ್ತಿರುವುದು ಒಂದೇ: ಮನೆಯವರಿಗೆ ಅನನುಕೂಲವಾದ ಒಂದು ಜೀವವನ್ನು ಲೆಕ್ಕದಿಂದ ಅಳಿಸುವುದು. ಹೊಸ ಚಿತ್ರದಲ್ಲಿ ನೀತಿಯಿಲ್ಲ ಎನ್ನುವವರು ಈ ಸಾಮ್ಯವನ್ನು ಗಮನಿಸಬೇಕು. ಕುರಿಗಾಹಿಗಳ ಬೆಂಕಿಯ ಮುಂದೆ ಕುಳಿತು ಗಡ್ಡಪ್ಪ ತನ್ನ ಬಾಳಿನ ಹಳೆಯ ಗಾಯವನ್ನು ಹೇಳಿಕೊಳ್ಳುವಾಗ, ಅಷ್ಟು ಹೊತ್ತು ನಕ್ಕಿದ್ದವರೆಲ್ಲ ಸುಮ್ಮನಾಗುತ್ತಾರೆ. ಬೇಜವಾಬ್ದಾರಿ ಎಂದು ನಾವು ತೀರ್ಪು ಕೊಟ್ಟಿದ್ದ ಮನುಷ್ಯನ ಒಳಗೆ ಎಂಥ ನೋವಿತ್ತೆಂದು ಆಗ ತಿಳಿಯುತ್ತದೆ. ಅವನ ಕಥೆಯನ್ನು ಕೇಳಿಸಿಕೊಂಡವರು ಸ್ವಂತ ಮಗನಲ್ಲ, ಅಲೆಮಾರಿಗಳು!

ಹಾಗೆಂದು 'ತಿಥಿ' ನಿರ್ದೋಷವಾದ ಚಿತ್ರವಲ್ಲ. ಇದರಲ್ಲಿ ಹೆಂಗಸರ ಒಳಬಾಳು ಹೆಚ್ಚು ಕಾಣದು. ಕುರಿಗಾಹಿ ಹುಡುಗಿ ತಮ್ಮಣ್ಣನ ಮಗನ ಬೆನ್ನಟ್ಟುವಿಕೆಗೆ ಗುರಿಯಾಗಿ ಉಳಿಯುವುದೇ ಹೆಚ್ಚು. ಯಮುನಕ್ಕನ ಮುಖವನ್ನು ಕಂಡವರಿಗೆ ಇದು ಹಿನ್ನಡೆಯೆನಿಸುತ್ತದೆ. ಇನ್ನೊಂದು ಮಾತೂ ಇದೆ. ಪ್ರಾಣೇಶಾಚಾರ್ಯರು ತಮ್ಮ ತಪ್ಪನ್ನು ಹೊತ್ತು ನಿದ್ದೆಗೆಟ್ಟು ಅಲೆದರು. ತಮ್ಮಣ್ಣನಿಗೆ ಸಿಕ್ಕಿಬೀಳುವ ಭಯವಿದೆಯೇ ಹೊರತು ಅಂಥ ಆತ್ಮಶೋಧನೆಯಿಲ್ಲ. ಇದನ್ನು ಚಿತ್ರದ ದೋಷ ಎನ್ನಬೇಕೋ, ನಮ್ಮ ಕಾಲದ ನಿಜ ಎನ್ನಬೇಕೋ? ಎರಡನೆಯದೇ ಸರಿಯೆಂದು ನನ್ನ ಅಭಿಪ್ರಾಯ.

ಈ ಚಿತ್ರಗಳನ್ನು ಬೇರೊಂದು ಊರಿನ, ಬೇರೊಂದು ಸಮುದಾಯದ ಕಥೆಗಳೆಂದು ನೋಡಿ ಎದ್ದುಹೋಗುವುದು ಸುಲಭ. ಆದರೆ ಹೂತ ಮಣ್ಣು ಆರುವ ಮೊದಲೇ ಪಾಲಿನ ಜಗಳ ಆರಂಭವಾಗುವುದು, ಊರು ಏನೆನ್ನುವುದೋ ಎಂದು ಸಾಲ ಮಾಡಿ ಊಟ ಹಾಕುವುದು, ತಮ್ಮ ಇಚ್ಛೆಯಂತೆ ಮದುವೆಯಾದ ಮಗಳನ್ನು ತಂದೆಯ ಶವದ ಬಳಿಗೂ ಬಿಡದಿರುವುದು ಯಾವ ಸಮುದಾಯಕ್ಕೆ ಹೊಸತು? ವಿಧಿಯಲ್ಲಿ ಸತ್ತವರಿಗೆ ಗೌರವವಿದೆ, ಉಳಿದವರಿಗೆ ಸಾಂತ್ವನವಿದೆ. ಅದನ್ನು ಬದುಕಿರುವವರನ್ನು ದೂಡಲು ಬಳಸಿದಾಗ ಅದರಲ್ಲಿ ಉಳಿಯುವುದು ಬರೀ ಖರ್ಚು ಮತ್ತು ಕಹಿ. ಮುಂದಿನ ಬಾರಿ ನಮ್ಮ ಮನೆಗಳಲ್ಲಿ ಸಾವೊಂದು ಸಂಭವಿಸಿದಾಗ, ಊಟಕ್ಕೆ ಎಷ್ಟು ಜನ ಬರುವರೆಂದು ಎಣಿಸುವ ಮುನ್ನ, ಬರಬೇಕಾಗಿದ್ದೂ ಬಾರದೆ ಹೊರಗೆ ಉಳಿದವರು ಯಾರೆಂದು ಒಮ್ಮೆ ಕೇಳಿಕೊಳ್ಳೋಣ. ಸಾಧ್ಯವಾದರೆ ಅವರಿಗೆ ಹೇಳಿಕಳುಹಿಸೋಣ.