ಸೂಜಿ ಮೊದಲು, ಪ್ರಶ್ನೆ ಆಮೇಲೆ

ಚನ್ನಗಿರಿ ಕಡೆ ಅಡಿಕೆ ಕೊಯ್ಲು ಶುರುವಾಯಿತೆಂದರೆ ಸಂಜೆ ಹೊತ್ತಿಗೆ ಕ್ಲಿನಿಕ್ಕುಗಳ ಬೆಂಚು ತುಂಬುತ್ತದೆ. ತೋಟದ ಫಸಲು ಗುತ್ತಿಗೆ ಹಿಡಿದ ಖೇಣಿದಾರರ ಕಣದಲ್ಲಿ ಅಡಿಕೆ ಸುಲಿದ ಹೆಂಗಸರು ಕೈ ಜೋಮು ಹಿಡಿಯುತ್ತದೆ ಎಂದು ಬರುತ್ತಾರೆ. ಹೊನ್ನಾಳಿಯಲ್ಲಿ ಭತ್ತದ ನಾಟಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿದವರು, ನ್ಯಾಮತಿಯಲ್ಲಿ ಮೆಕ್ಕೆಜೋಳದ ತೆನೆ ಮುರಿದು ಭುಜ ಎತ್ತಲಾರದವರು, ಜಗಳೂರಿನಲ್ಲಿ ಈರುಳ್ಳಿ ಕಿತ್ತು ಮಂಡಿ ಊದಿಸಿಕೊಂಡವರು. ಈ ತಾಲ್ಲೂಕುಗಳು ಒಂದೇ ಜಿಲ್ಲೆಯಲ್ಲಿದ್ದರೂ ಒಂದೇ ಸೀಮೆಯವಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ನೀರು ಬೇರೆ, ಬೆಳೆ ಬೇರೆ, ಮೈಮುರಿತದ ಬಗೆಯೂ ಬೇರೆ. ಸಿಗುವ ಚಿಕಿತ್ಸೆ ಮಾತ್ರ ಬಹುಪಾಲು ಒಂದೇ: ಡೈಕ್ಲೋಫೆನಾಕ್ ಸೂಜಿ, ಜೊತೆಗೆ ಕೆಂಪಗಿನ ಬಿ-ಕಾಂಪ್ಲೆಕ್ಸ್, ಕೆಲವು ಕಡೆ ಹೆಸರು ಹೇಳದೆ ಸೇರಿಸುವ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್.

ನೋವು ಇಳಿಸುವುದಕ್ಕೆ ನನ್ನ ತಕರಾರಿಲ್ಲ. ನಾಳೆ ಬೆಳಗಾದರೆ ಕೂಲಿಗೆ ಹೋಗಬೇಕಾದವಳಿಗೆ ಇವತ್ತೇ ಸ್ವಲ್ಪ ಆರಾಮ ಸಿಗಬೇಕು ಎನ್ನುವುದು ನ್ಯಾಯವಾದ ಬೇಡಿಕೆ. ತಕರಾರಿರುವುದು ಅದೇ ಹೆಂಗಸು ಮೂರನೇ ಸಲ, ಐದನೇ ಸಲ ಬಂದಾಗಲೂ ಅದೇ ಸೂಜಿ ಸಿಗುವುದಕ್ಕೆ. ತಿಂಗಳುಗಟ್ಟಲೆ ಬಿಡದ ನೋವಿಗೆ ಒಂದು ಕಾರಣ ಇರಲೇಬೇಕಲ್ಲ ಎಂಬ ಪ್ರಶ್ನೆ ಆ ಕೋಣೆಯಲ್ಲಿ ಹುಟ್ಟುವುದೇ ಇಲ್ಲ. ಹೀಗೆ ತಪ್ಪಿಹೋಗುವ ಕಾರಣಗಳಲ್ಲಿ ಸುಲಭವಾಗಿ ಪತ್ತೆಯಾಗುವ, ಅಗ್ಗದ ಮದ್ದಿರುವ ಒಂದನ್ನು ಮುಂದಿಟ್ಟುಕೊಂಡು ಈ ರೂಢಿಯನ್ನು ತೂಗಿ ನೋಡಬೇಕೆನಿಸಿದೆ. ಅದು ಮಂದವಾದ ಥೈರಾಯ್ಡ್.

ಥೈರಾಯ್ಡ್ ಎಂದರೆ ನಮ್ಮ ಜನಕ್ಕೆ ಮೊದಲು ನೆನಪಾಗುವುದು ಗಂಟಲು, ಆಮೇಲೆ ತೂಕ, ಹೆಚ್ಚೆಂದರೆ ಮುಟ್ಟಿನ ಏರುಪೇರು. ನೋವು ಆ ಪಟ್ಟಿಯಲ್ಲಿ ಬರುವುದಿಲ್ಲ. ಆದರೆ ಹಾರ್ಮೋನು ತಗ್ಗಿದ ಮೈಯಲ್ಲಿ ನೋವು ಹಲವು ದಾರಿಯಲ್ಲಿ ಹುಟ್ಟುತ್ತದೆ. ಸ್ನಾಯು ತನ್ನೊಳಗೆ ಕೂಡಿಟ್ಟ ಗ್ಲೈಕೋಜನ್ನನ್ನು ಒಡೆದು ಬಳಸುವ ವೇಗ ಇಳಿಯುತ್ತದೆ. ಒಮ್ಮೆ ಬಿಗಿದುಕೊಂಡ ಸ್ನಾಯು ಸಡಿಲವಾಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ಬೆಳಿಗ್ಗೆ ಏಳುವಾಗ ಮೈಯೆಲ್ಲ ಬಿಗಿ, ಕೂತಲ್ಲಿಂದ ಏಳಲು ತೊಡೆಯಲ್ಲಿ ಬಲವಿಲ್ಲ, ನಡುರಾತ್ರಿ ಮೀನಖಂಡ ಹಿಡಿದುಕೊಂಡು ಎಚ್ಚರ. ರಕ್ತ ನೋಡಿದರೆ ಸ್ನಾಯುವಿನಿಂದ ಸೋರುವ ಸಿಪಿಕೆ ಕಿಣ್ವ ಎಷ್ಟೋ ಜನರಲ್ಲಿ ಏರಿರುತ್ತದೆ. ಭುಜದ ಕೀಲು ಬಿಗಿದು ಕೈ ಎತ್ತಲಾಗದ ತೊಂದರೆಯೂ ಇಂಥವರಲ್ಲಿ ಹೆಚ್ಚು.

ಕೈ ಜೋಮಿನ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಅಡಿಕೆ ಸೀಮೆಯಲ್ಲಿ ತಪ್ಪು ನಡೆಯುವುದು ಇಲ್ಲೇ. ಮಣಿಕಟ್ಟಿನಲ್ಲಿ ಮೂಳೆ ಮತ್ತು ಪಟ್ಟಿಯ ನಡುವಿನ ಕಿರಿದಾದ ಸುರಂಗದಲ್ಲಿ ಮೀಡಿಯನ್ ನರ ಹಾದುಹೋಗುತ್ತದೆ. ಥೈರಾಯ್ಡ್ ಮಂದವಾದಾಗ ನೀರು ಹಿಡಿದಿಟ್ಟುಕೊಳ್ಳುವ ಲೋಳೆಯಂಥ ವಸ್ತು ಅಂಗಾಂಶಗಳಲ್ಲಿ ಸೇರಿಕೊಂಡು ಸುರಂಗ ಇನ್ನಷ್ಟು ಇಕ್ಕಟ್ಟಾಗುತ್ತದೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ಮೆನ್ನುತ್ತವೆ. ನಿದ್ದೆಯಲ್ಲಿ ಎದ್ದು ಕೈ ಕೊಡವಿದರೆ ತುಸು ಹಗುರ. ದಿನವಿಡೀ ಕೈ ತಿರುಗಿಸಿ ಅಡಿಕೆ ಸುಲಿಯುವುದರಿಂದಲೂ ಇದೇ ತೊಂದರೆ ಬರುತ್ತದೆ ಎನ್ನುವುದು ನಿಜ. ಆದ್ದರಿಂದಲೇ ವೈದ್ಯರು ‘ಕೆಲಸ ಜಾಸ್ತಿ ಆಯ್ತಮ್ಮ, ಕೈಗೆ ರೆಸ್ಟ್ ಕೊಡಿ’ ಎಂದು ಅಲ್ಲಿಗೇ ಮುಗಿಸುತ್ತಾರೆ. ಅದೇ ಕಣದಲ್ಲಿ ಅಷ್ಟೇ ಸುಲಿದವರ ಪೈಕಿ ಈಕೆಗೇ ಎರಡೂ ಕೈ ಯಾಕೆ ಜೋಮು ಹಿಡಿಯಿತು, ಸುಗ್ಗಿ ಮುಗಿದರೂ ಯಾಕೆ ಬಿಡಲಿಲ್ಲ ಎಂದು ಕೇಳಿದ್ದರೆ ಎರಡನೇ ಕಾರಣ ಬಾಗಿಲಲ್ಲೇ ಸಿಗುತ್ತಿತ್ತು.

ಇದು ಅಪರೂಪದ ಸಂಗತಿಯಲ್ಲ. ನೆದರ್ಲೆಂಡ್ಸಿನಲ್ಲಿ ಡೈಫ್ ಮತ್ತು ಸಂಗಡಿಗರು ಹೊಸದಾಗಿ ಥೈರಾಯ್ಡ್ ಕೊರತೆ ಪತ್ತೆಯಾದ 24 ಜನರನ್ನು ನರ-ಸ್ನಾಯು ಪರೀಕ್ಷೆಗೆ ಒಳಪಡಿಸಿ 2000ದಲ್ಲಿ ವರದಿ ಪ್ರಕಟಿಸಿದರು. ಶೇಕಡಾ 79 ಜನರಿಗೆ ನರ-ಸ್ನಾಯುವಿನ ದೂರು ಇತ್ತು, ಶೇಕಡಾ 29 ಜನರಿಗೆ ಮಣಿಕಟ್ಟಿನ ನರ ಒತ್ತಿತ್ತು. ಸಣ್ಣ ಗುಂಪು, ಒಪ್ಪೋಣ. ಆದರೂ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಜನ ಇಂಥ ದೂರು ಹೇಳುವಾಗ ಅದನ್ನು ಕಾಯಿಲೆಯ ಅಂಚಿನ ಲಕ್ಷಣ ಎಂದು ತಳ್ಳಲಾಗದು.

ಇನ್ನು ನೋವಿನ ಅರಿವೇ ಹೆಚ್ಚುತ್ತದೆಯೇ ಎಂಬ ಪ್ರಶ್ನೆ. ಪೆಟ್ಟು ಅಷ್ಟೇ ಇದ್ದರೂ ನೋವು ಹೆಚ್ಚು ಅನಿಸುವುದು ಸಾಧ್ಯವೇ? 2014ರಲ್ಲಿ ‘ಮಾಲೆಕ್ಯುಲರ್ ಪೇನ್’ ಪತ್ರಿಕೆಯಲ್ಲಿ ಬಂದ ಒಂದು ಸಂಶೋಧನೆ ಥೈರಾಯ್ಡ್ ತಗ್ಗಿಸಿದ ಇಲಿಗಳಲ್ಲಿ ನೋವಿನ ಹೊಸ್ತಿಲು ಇಳಿದದ್ದನ್ನು, ನೋವಿನ ಸಂಕಟವನ್ನು ಗ್ರಹಿಸುವ ಮಿದುಳಿನ ಸಿಂಗ್ಯುಲೇಟ್ ಭಾಗದಲ್ಲಿ ನರಕೋಶಗಳ ನಡುವಿನ ಸಂಕೇತ ಬಲಗೊಂಡದ್ದನ್ನು ತೋರಿಸಿತು. ಇಲಿಯ ಮಿದುಳಿನಿಂದ ಹೊನ್ನಾಳಿಯ ಗದ್ದೆಗೆ ನೇರ ದಾರಿಯಿಲ್ಲ. ಆದರೆ ಕೊರತೆಯಿರುವವರಲ್ಲಿ ನಿದ್ದೆ ಕೆಡುವುದು, ಮನಸ್ಸು ಕುಗ್ಗುವುದು ಸಾಮಾನ್ಯ. ನಿದ್ದೆಗೆಟ್ಟ, ಕುಗ್ಗಿದ ಮೈಗೆ ನೋವು ಹೆಚ್ಚೆಂಬುದು ಬೇರೆ ಅಧ್ಯಯನಗಳಿಂದ ಚೆನ್ನಾಗಿ ತಿಳಿದ ವಿಷಯ. ಹಾಗಾಗಿ ‘ಎಲ್ಲಾ ಕಡೆ ನೋವು ಅಂತೀಯ, ಟೆನ್ಷನ್ ಮಾಡ್ಕೊಂಡಿದೀಯ’ ಎಂದು ಹೆಂಗಸರನ್ನು ಸಾಗಹಾಕುವ ಮಾತು ನನಗೆ ಸಹಿಸಲಾಗುವುದಿಲ್ಲ. ಆಕೆ ನೋವನ್ನು ದೊಡ್ಡದು ಮಾಡಿ ಹೇಳುತ್ತಿಲ್ಲ. ಆಕೆಯ ಮೈಗೆ ಅದು ಅಷ್ಟೇ ದೊಡ್ಡದಾಗಿ ತಟ್ಟುತ್ತಿರಬಹುದು.

ಹಾಗೆಂದು ಈ ನಾಲ್ಕು ತಾಲ್ಲೂಕುಗಳ ನೋವನ್ನೆಲ್ಲ ಥೈರಾಯ್ಡಿನ ತಲೆಗೆ ಕಟ್ಟಿದರೆ ಅದೂ ತಪ್ಪೇ. ಜಗಳೂರಿನಲ್ಲಿ ಯಾವ ಬೋರ್‌ವೆಲ್ ನೀರು ಕುಡಿಯುತ್ತೀರಿ ಎಂದು ಕೇಳದೆ ಕೀಲುನೋವಿಗೆ ಮದ್ದು ಬರೆಯಬಾರದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಬಯಲುಸೀಮೆಯ ಆಳದ ನೀರು ಆ ಗೆರೆ ದಾಟುವ ಊರುಗಳಿವೆ. 2006ರ ಚಿಕುನ್‌ಗುನ್ಯಾ ಅಲೆಯಲ್ಲಿ ಮಲಗಿದವರು ಇವತ್ತಿನ ನೋವನ್ನೂ ಅದಕ್ಕೇ ಅಂಟಿಸುತ್ತಾರೆ. ರಕ್ತಹೀನತೆ, ವಿಟಮಿನ್ ಡಿ ಕೊರತೆ, ಸಕ್ಕರೆ ಕಾಯಿಲೆಯ ನರದೋಷ ಎಲ್ಲವೂ ಸಾಲಿನಲ್ಲಿವೆ. ಇವುಗಳಲ್ಲಿ ಯಾವುದೆಂದು ಬೇರ್ಪಡಿಸಲು ಬೇಕಾದ ಮೊದಲ ಸಾಧನ ಲ್ಯಾಬ್ ಕೂಡ ಅಲ್ಲ. ಚಳಿ ತಡೆಯಲಾಗುವುದಿಲ್ಲವೇ, ಮಲ ಕಟ್ಟುತ್ತದೆಯೇ, ದನಿ ಒಡೆದಿದೆಯೇ, ಮುಟ್ಟು ಹೆಚ್ಚು ಹೋಗುತ್ತದೆಯೇ ಎಂಬ ಮಾತು. ಒಣಗಿದ ಚರ್ಮ, ಊದಿದ ಕಣ್ಣರೆಪ್ಪೆ, ನಿಧಾನವಾದ ನಾಡಿ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜುವಿಗೆ ಸುತ್ತಿಗೆಯಿಂದ ತಟ್ಟಿದಾಗ ಪಾದ ಎಗರಿ, ಹಿಂದಕ್ಕೆ ಮರಳಲು ತಡಮಾಡುವುದು. ಇಷ್ಟಕ್ಕೆ ಬೇಕಾದದ್ದು ಕೆಲವು ನಿಮಿಷ. ಆ ನಿಮಿಷಗಳೇ ಸೂಜಿಯ ಅವಸರದಲ್ಲಿ ಕಳೆದುಹೋಗಿವೆ.

ಕಳೆದುಹೋದದ್ದು ಬರೀ ಸಮಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಥೈರಾಯ್ಡ್ ಕೊರತೆಯಿರುವ ಮೈಯಲ್ಲಿ ನೋವಿನ ಮದ್ದೇ ಬೇರೆ ರೀತಿ ವರ್ತಿಸುತ್ತದೆ. ಮೂತ್ರಪಿಂಡದ ಸೋಸುವಿಕೆ ಆಗಲೇ ತಗ್ಗಿರುತ್ತದೆ; ಡೈಕ್ಲೋಫೆನಾಕ್ ಜಾತಿಯ ಮದ್ದು ಅದನ್ನು ಮತ್ತಷ್ಟು ತಗ್ಗಿಸಬಲ್ಲದು. ಟ್ರಮಡಾಲ್, ಕೋಡೀನ್‌ನಂಥ ಅಫೀಮಿನ ಬಳಗದ ಮದ್ದುಗಳು ಇಂಥವರ ಮೈಯಲ್ಲಿ ನಿಧಾನವಾಗಿ ಕರಗುವುದರಿಂದ ಮಂಪರು, ಮಲಬದ್ಧತೆ, ಉಸಿರಾಟ ಮಂದವಾಗುವ ಅಪಾಯ ಹೆಚ್ಚು. ತೀರಾ ಉಲ್ಬಣಿಸಿದ ಕೊರತೆಯಲ್ಲಿ ಇವು ರೋಗಿಯನ್ನು ಪ್ರಜ್ಞಾಹೀನ ಸ್ಥಿತಿಗೆ ನೂಕಿರುವುದೂ ಉಂಟು. ಕೊಲೆಸ್ಟರಾಲ್ ಏರಿದೆಯೆಂದು ಸ್ಟ್ಯಾಟಿನ್ ಬರೆದರೆ ಸ್ನಾಯುನೋವು ಕೆರಳುತ್ತದೆ; ಆ ಕೊಲೆಸ್ಟರಾಲ್ ಏರಿದ್ದೇ ಥೈರಾಯ್ಡಿನಿಂದ ಇರಬಹುದು.

ಎಲ್ಲಕ್ಕಿಂತ ಕೆಟ್ಟದ್ದು ಹೆಸರು ಹೇಳದ ಸ್ಟೆರಾಯ್ಡ್. ಅದು ಎರಡು ದಿನ ಮೈಗೆ ಹುರುಪು ತರುತ್ತದೆ, ಹಾಗಾಗಿ ‘ಅವರ ಕೈಗುಣ ಚೆನ್ನಾಗಿದೆ’ ಎಂಬ ಹೆಸರೂ ಬರುತ್ತದೆ. ಹೆಚ್ಚು ಪ್ರಮಾಣದ ಸ್ಟೆರಾಯ್ಡ್, ಥೈರಾಯ್ಡ್ ಮಂದವಾದಾಗ ರಕ್ತದಲ್ಲಿ ಏರುವ ಹಾರ್ಮೋನಾದ ಟಿಎಸ್‌ಎಚ್ ಅನ್ನು ಕೆಳಗೆ ಎಳೆಯುವುದರಿಂದ ಆ ವಾರ ತೆಗೆದ ರಕ್ತ ಸುಳ್ಳು ಸಮಾಧಾನ ಹೇಳಬಹುದು. ನರದ ಮಾತ್ರೆಗಳಲ್ಲಿರುವ ಬಯೋಟಿನ್ ಕೂಡ ಕೆಲವು ಪರೀಕ್ಷಾ ವಿಧಾನಗಳಲ್ಲಿ ಲೆಕ್ಕ ತಪ್ಪಿಸುತ್ತದೆ. ಇನ್ನೂ ಗಂಭೀರವಾದ ಮಾತು: ವರ್ಷಗಟ್ಟಲೆ ಸ್ಟೆರಾಯ್ಡ್ ಹೋದ ಮೈಯಲ್ಲಿ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ. ಆಮೇಲೆ ಯಾರೋ ಥೈರಾಯ್ಡ್ ಪತ್ತೆಮಾಡಿ ಮಾತ್ರೆ ಕೊಟ್ಟರೆ, ಇರುವ ಅಲ್ಪ ಕಾರ್ಟಿಸಾಲ್ ಬೇಗ ಖರ್ಚಾಗಿ ರೋಗಿ ಕುಸಿಯಬಹುದು. ಚೀಟಿಯಲ್ಲಿ ಬರೆಯದ ಆ ಸೂಜಿಯ ವಿಷಯ ಮುಂದಿನ ವೈದ್ಯರಿಗೆ ಗೊತ್ತಾಗುವುದಾದರೂ ಹೇಗೆ? ಏನು ಚುಚ್ಚಿದರೂ ಬರೆದು ಕೊಡಿ ಎಂದು ರೋಗಿಗಳು ಪಟ್ಟು ಹಿಡಿದು ಕೇಳಬೇಕು.

ಇದರ ಎದುರು ದಿಕ್ಕಿನ ತಪ್ಪೂ ಈಗ ಬೆಳೆಯುತ್ತಿದೆ. ಪರೀಕ್ಷೆ ಸುಲಭವಾಗಿ ಸಿಗತೊಡಗಿದ ಮೇಲೆ ಟಿಎಸ್‌ಎಚ್ 5 ದಾಟಿದ ಕೂಡಲೇ, ಥೈರಾಯ್ಡಿನ ಹಾರ್ಮೋನಾದ ಟಿ4 ಸರಿಯಾಗಿದ್ದರೂ, ಜೀವನಪೂರ್ತಿ ಮಾತ್ರೆ ಬರೆಯುವ ರೂಢಿ. 2017ರಲ್ಲಿ ಪ್ರಕಟವಾದ ಟ್ರಸ್ಟ್ ಎಂಬ ಪ್ರಯೋಗದಲ್ಲಿ ಇಂಥ ಅಲ್ಪ ಕೊರತೆಯ, 65 ದಾಟಿದ 737 ಜನರನ್ನು ನೋಡಿದರು. ಥೈರಾಯ್ಡ್ ಹಾರ್ಮೋನಿನ ಮಾತ್ರೆಯಾದ ಲೆವೊಥೈರಾಕ್ಸಿನ್ ತೆಗೆದುಕೊಂಡವರಿಗೂ ಸುಳ್ಳುಮಾತ್ರೆ ತೆಗೆದುಕೊಂಡವರಿಗೂ ಸುಸ್ತಿನಲ್ಲಿ, ಲಕ್ಷಣಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ವಯಸ್ಸಾದ ರೈತನ ಮಂಡಿನೋವಿಗೆ ಅಂಚಿನ ಟಿಎಸ್‌ಎಚ್ ತೋರಿಸಿ ಮಾತ್ರೆ ಕೊಟ್ಟರೆ ಮಂಡಿಯೂ ವಾಸಿಯಾಗದು, ಹೆಚ್ಚಾದ ಮಾತ್ರೆಯಿಂದ ಎದೆಬಡಿತ, ಮೂಳೆಸವೆತ ಬೇರೆ. ಗರ್ಭಿಣಿಯರ, ಟಿಎಸ್‌ಎಚ್ ತುಂಬಾ ಏರಿದವರ ಲೆಕ್ಕ ಬೇರೆ. ಹಾಗಾಗಿ ಊರಿಗೆಲ್ಲ ಥೈರಾಯ್ಡ್ ಕ್ಯಾಂಪ್ ಮಾಡಿ ಎಂದು ನಾನು ಕೇಳುವುದಿಲ್ಲ. ಬಿಡದ ನೋವಿನೊಂದಿಗೆ ಮೇಲೆ ಹೇಳಿದ ಚಿಹ್ನೆಗಳಿರುವವರ ರಕ್ತ ನೋಡಿ ಎನ್ನುತ್ತೇನೆ. 2013ರಲ್ಲಿ ಪ್ರಕಟವಾದ ದೇಶದ ದೊಡ್ಡ ಸಮೀಕ್ಷೆಯೊಂದು 5,376 ವಯಸ್ಕರಲ್ಲಿ ಶೇಕಡಾ 10.95 ಜನರಿಗೆ ಕೊರತೆಯಿದೆ ಎಂದಿತು. ಆದರೆ ಅದು ಬೆಂಗಳೂರೂ ಸೇರಿ ಎಂಟು ನಗರಗಳ ಲೆಕ್ಕ. ಚನ್ನಗಿರಿಯ ಸೂಳೆಕೆರೆ ಬಯಲಿನ ಅಥವಾ ಜಗಳೂರು ಸೀಮೆಯ ಹಳ್ಳಿಗಳು ಅದರೊಳಗಿಲ್ಲ.

ನಿಜವಾದ ಕೊರತೆ ಖಚಿತವಾದ ಮೇಲಿನ ಚಿಕಿತ್ಸೆಯಲ್ಲಿ ನನಗೆ ಪೂರ್ಣ ನಂಬಿಕೆಯಿದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಕುರಿಯ ಥೈರಾಯ್ಡ್ ರಸವನ್ನು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದರು. ಆಕೆ ಚಿಕಿತ್ಸೆ ಮುಂದುವರಿಸಿ 28 ವರ್ಷ ಬದುಕಿದಳು. ಅದೂ ಸೂಜಿಯೇ, ಆದರೆ ಮೈಯಲ್ಲಿ ಇಲ್ಲದ್ದು ಏನೆಂದು ಹುಡುಕಿದ ಮೇಲೆ ಬಂದ ಸೂಜಿ. ಈಗ ಬೇಕಾದದ್ದು ದಿನಕ್ಕೊಂದು ಸಣ್ಣ ಮಾತ್ರೆ. ಅದು ಅವಶ್ಯಕ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿದೆ, ಜನೌಷಧಿ ಮಳಿಗೆಯಲ್ಲೂ ಸಿಗುತ್ತದೆ.

ಎಡವುವುದು ಕೊಡುವ ರೀತಿಯಲ್ಲಿ. ಹದಿನೈದು ದಿನ ತಿಂದು ‘ನೋವು ಹೋಗಲಿಲ್ಲ’ ಎಂದು ಬಿಟ್ಟವರು ಎಷ್ಟೋ. ಈ ಮದ್ದಿನ ಅರ್ಧಾಯುಷ್ಯವೇ ಸುಮಾರು ಏಳು ದಿನ. ರಕ್ತದಲ್ಲಿ ಮಟ್ಟ ನಿಲ್ಲಲು ಆರು ವಾರ ಬೇಕು, ಅದಕ್ಕೆ ಮುಂಚೆ ಟಿಎಸ್‌ಎಚ್ ನೋಡಿದರೆ ಅರ್ಥವಿಲ್ಲ. ಸ್ನಾಯು ಸುಧಾರಿಸಲು ತಿಂಗಳುಗಳೇ ಬೇಕಾಗಬಹುದು. ಡೈಫ್ ಅವರ ರೋಗಿಗಳಲ್ಲಿ ಒಂದು ವರ್ಷದ ಚಿಕಿತ್ಸೆಯ ಮೇಲೂ ಶೇಕಡಾ 13 ಜನರಿಗೆ ನಿಶ್ಶಕ್ತಿ ಉಳಿದಿತ್ತು. ಇದನ್ನು ಮೊದಲ ದಿನವೇ ಹೇಳಿದರೆ ಜನ ಕಾಯುತ್ತಾರೆ. ನಮ್ಮ ಮನೆಗಳಲ್ಲಿ ಎದ್ದ ಕೂಡಲೇ ಟೀ ಬೇಕು. ಆ ಟೀಯ ಜೊತೆಗೇ ನುಂಗಿದ ಮಾತ್ರೆ ಪೂರ್ತಿ ಮೈಗೆ ಹತ್ತುವುದಿಲ್ಲ. ಬರೀ ನೀರಿನಲ್ಲಿ ನುಂಗಿ ಅರ್ಧದಿಂದ ಒಂದು ಗಂಟೆ ಬಿಡಬೇಕು. ಕಬ್ಬಿಣದ, ಕ್ಯಾಲ್ಸಿಯಂ ಮಾತ್ರೆಗೆ ನಾಲ್ಕು ಗಂಟೆ ಅಂತರ ಬೇಕು. ಒಂದೇ ಚೀಟಿಯಲ್ಲಿ ಮೂರನ್ನೂ ‘ಬೆಳಿಗ್ಗೆ’ ಎಂದು ಬರೆಯುವುದು ಒಂದರ ಕೈಯಿಂದ ಇನ್ನೊಂದನ್ನು ಕೆಡಿಸಿದಂತೆ. ಬಾಟಲಿಯನ್ನು ಒಲೆಯ ಪಕ್ಕದ ಗೂಡಿನಲ್ಲಿ ಇಡಬಾರದು, ಶಾಖಕ್ಕೆ ಮದ್ದು ಕುಂದುತ್ತದೆ. ವಯಸ್ಸಾದವರಿಗೆ, ಹೃದಯದ ತೊಂದರೆಯಿರುವವರಿಗೆ 12.5 ಅಥವಾ 25 ಮೈಕ್ರೋಗ್ರಾಂನಿಂದ ಶುರುಮಾಡಿ ಮೆಲ್ಲಗೆ ಏರಿಸಬೇಕು.

ನಡುವಿನ ವಾರಗಳಲ್ಲಿ ನೋವು ಸುಮ್ಮನೆ ಸಹಿಸು ಎನ್ನುವುದೂ ಸಲ್ಲದು. ಪ್ಯಾರಸಿಟಮಾಲ್ ಹಿತಮಿತವಾಗಿ ಕೊಡಬಹುದು, ಬಿಸಿನೀರ ಶಾಖ, ಮೆಲ್ಲಗಿನ ನಡಿಗೆ, ರಾತ್ರಿ ಮಣಿಕಟ್ಟಿಗೆ ನೇರ ಪಟ್ಟಿ ಕಟ್ಟಬಹುದು. ಟಿಎಸ್‌ಎಚ್ ಸರಿಬಂದ ಮೇಲೂ ಕೈ ಜೋಮು ಬಿಡದಿದ್ದರೆ ನರದ ವೇಗ ಅಳೆಯುವ ಪರೀಕ್ಷೆಗೆ ದಾವಣಗೆರೆಗೋ ಶಿವಮೊಗ್ಗಕ್ಕೋ ಕಳಿಸಬೇಕು, ಹೆಬ್ಬೆರಳ ಬುಡದ ಮಾಂಸ ಕರಗುವ ತನಕ ಕಾಯಬಾರದು. ಟಿಎಸ್‌ಎಚ್ ನೋಡದೆ ಕೊಯ್ಯಿಸಿಕೊಳ್ಳಲು ಅವಸರಪಡುವುದೂ ಬೇಡ. ಮಾತ್ರೆಯಲ್ಲೇ ಊತ ಇಳಿದು ನರ ಬಿಡುಗಡೆಯಾಗುವ ಕೈಗಳೂ ಇವೆ.