ಆಕ್ಟೇನ್‌ಗೆ ಯಾಕಿಷ್ಟು ಮರ್ಯಾದೆ?

ಎಕ್ಸ್‌ಪಿ95, ಸ್ಪೀಡ್ 97, ಪವರ್ 99, ಎಕ್ಸ್‌ಪಿ100. ಬಂಕಿನಲ್ಲಿ ಈ ಅಂಕಿಗಳು ಏರಿದ ಹಾಗೆ ಬೆಲೆಯೂ ಏರುತ್ತದೆ. ಇವುಗಳ ಜೊತೆಗೆ ಮೈಲೇಜೂ ಏರುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರುಬಿಟ್ಟಿದೆ. ನೂರು ಸಿಸಿ ಬೈಕಿನಲ್ಲಿ ದಿನವಿಡೀ ಸುತ್ತಿ ದುಡಿಯುವ ಡೆಲಿವರಿ ಹುಡುಗರು ಕೂಡ "ಪವರ್ ಹಾಕ್ಸಿದ್ರೆ ಗಾಡಿ ಜಾಸ್ತಿ ಕೊಡುತ್ತೆ" ಎಂದು ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚಿಗೆ ಕೊಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಆ ಕೀರ್ತಿಗೆ ಆಕ್ಟೇನ್ ಯೋಗ್ಯವಲ್ಲ.

ಆಕ್ಟೇನ್ ಶಕ್ತಿಯ ಅಳತೆಯೇ ಅಲ್ಲ. ಸಿಲಿಂಡರಿನ ಒತ್ತಡಕ್ಕೆ ಸಿಕ್ಕ ಪೆಟ್ರೋಲು, ಸ್ಪಾರ್ಕ್ ಪ್ಲಗ್ಗಿನ ಜ್ವಾಲೆ ತಲುಪುವ ಮೊದಲೇ ತಾನಾಗಿ ಹೊತ್ತಿಕೊಳ್ಳದೆ ಎಷ್ಟು ತಡೆಯುತ್ತದೆ ಎಂಬುದರ ಅಳತೆ ಅದು. ಕಂಪ್ರೆಷನ್ 12 ದಾಟಿದ ಇಂಜಿನ್ನಿಗೆ, ಟರ್ಬೊ ಕಾರಿಗೆ ಈ ಗುಣ ಬೇಕು. ಇಲ್ಲದಿದ್ದರೆ ನಾಕ್ ಸೆನ್ಸರ್ ಕೊಟ್ಟ ಸುಳಿವಿನ ಮೇಲೆ ಇಂಜಿನ್ ಕಿಡಿಯ ಸಮಯವನ್ನು ತಡಮಾಡಿಕೊಂಡು ಶಕ್ತಿ ಬಿಟ್ಟುಕೊಡುತ್ತದೆ. ಹತ್ತರ ಆಸುಪಾಸಿನ ಕಂಪ್ರೆಷನ್ನಿನ ಸ್ಪ್ಲೆಂಡರಿಗೆ ಆ ಕಷ್ಟವೇ ಇಲ್ಲ. 91ರಲ್ಲೇ ಕುಟ್ಟದೆ ಓಡುವ ಇಂಜಿನ್ನಿಗೆ 100 ಹಾಕಿದರೂ ಅದಕ್ಕೆ ಗೊತ್ತಾಗುವುದಿಲ್ಲ.

"ನಾನೇ ಟೆಸ್ಟ್ ಮಾಡಿ ನೋಡಿದ್ದೇನೆ" ಎನ್ನುವವರಿಗೆ ಕೊರತೆಯಿಲ್ಲ. ಆ ಟೆಸ್ಟನ್ನೇ ಸ್ವಲ್ಪ ಬಿಡಿಸಿ ನೋಡೋಣ. ಫುಲ್ ಟ್ಯಾಂಕ್ ಮಾಡಿಸುವುದು, ಒಂದಿಷ್ಟು ಓಡಿಸುವುದು, ಮತ್ತೆ ಫುಲ್ ಮಾಡಿಸಿ ಕಿಲೋಮೀಟರನ್ನು ಲೀಟರಿನಿಂದ ಭಾಗಿಸುವುದು. ಮೊದಲ ಸಲ ಗಾಡಿ ಸೈಡ್ ಸ್ಟ್ಯಾಂಡಿನಲ್ಲಿ ವಾಲಿತ್ತೇ, ಎರಡನೇ ಸಲ ಸೆಂಟರ್ ಸ್ಟ್ಯಾಂಡಿನಲ್ಲಿ ನೆಟ್ಟಗಿತ್ತೇ? ಹುಡುಗ ನಾಝಲ್ ಕಟ್ಟಾದ ತಕ್ಷಣ ತೆಗೆದನೇ, ರೌಂಡ್ ಫಿಗರಿಗಾಗಿ ಇನ್ನೆರಡು ಸಲ ಒತ್ತಿದನೇ? 5 ಲೀಟರಿನಲ್ಲಿ 200 ಮಿಲಿ ಆಚೀಚೆಯಾದರೆ ಅಲ್ಲಿಗೇ ಶೇ 4 ತಪ್ಪು. ಹತ್ತು ಡಿಗ್ರಿ ಬಿಸಿಲೇರಿದರೆ ಪೆಟ್ರೋಲು ಸುಮಾರು ಶೇ 1ರಷ್ಟು ಹಿಗ್ಗುತ್ತದೆ. ಇದೆಲ್ಲಕ್ಕಿಂತ ದೊಡ್ಡದು ಡೆನ್ಸಿಟಿ. 15 ಡಿಗ್ರಿಯಲ್ಲಿ ಘನ ಮೀಟರಿಗೆ 720ರಿಂದ 775 ಕಿಲೋ ತನಕ ಮಾನದಂಡವೇ ಒಪ್ಪುತ್ತದೆ. ಲೀಟರಿನಲ್ಲಿರುವ ಶಕ್ತಿ ಬಹುಮಟ್ಟಿಗೆ ಇದನ್ನೇ ಅನುಸರಿಸುತ್ತದೆ. ಬಂಕಿನಲ್ಲಿ ದಿನವೂ ಕಾಣಿಸುವ ಈ ಅಂಕಿಯ ಕಡೆ ತಿರುಗಿಯೂ ನೋಡದವರು ಆಕ್ಟೇನಿಗೆ ಮಾತ್ರ ದುಡ್ಡು ಕೊಡುತ್ತಾರೆ. ರೆಗ್ಯುಲರ್‌ಗೆ ₹103, ಪ್ರೀಮಿಯಂಗೆ ₹111 ಎಂದಿಟ್ಟುಕೊಂಡರೆ, ಅಸಲು ಹುಟ್ಟಬೇಕಾದರೂ ಲೀಟರಿಗೆ 50 ಕೊಡುತ್ತಿದ್ದ ಬೈಕು ಸುಮಾರು 54 ಕೊಡಬೇಕು. ಮೇಲೆ ಹೇಳಿದ ಟೆಸ್ಟು ಅಷ್ಟು ವ್ಯತ್ಯಾಸವನ್ನು ತಾನಾಗಿಯೇ ಹುಟ್ಟಿಸಬಲ್ಲದು.

ಆಕ್ಟೇನ್ ಎಂದರೆ ಬರೀ ಮೋಸ ಎಂದು ತೀರ್ಪು ಕೊಡುವ ವಿಮರ್ಶಕರೂ ಇದ್ದಾರೆ. ಅವರದೂ ಅವಸರದ ಮಾತು. ಅಮೆರಿಕದ ವಾಹನ ಸವಾರರ ಸಂಘ ಎಎಎ, ಪ್ರೀಮಿಯಂ ಹಾಕಿಸಿದರೆ ಒಳ್ಳೆಯದು ಎಂದು ತಯಾರಕರೇ ಹೇಳುವ ಕಾರುಗಳನ್ನು 2017ರಲ್ಲಿ ಪರೀಕ್ಷಿಸಿದಾಗ ಮೈಲೇಜು ಸರಾಸರಿ ಶೇ 2.7 ಹೆಚ್ಚಿತ್ತು. ಗುಣ ಇರುವುದು ನಿಜ. ಆದರೆ ಅಲ್ಲಿ ಪ್ರೀಮಿಯಂ ಬೆಲೆ ಶೇ 20–25ರಷ್ಟು ಹೆಚ್ಚು. ಅಂಥ ಕಾರಿಟ್ಟವರು ಪಿಕಪ್‌ಗಾಗಿ ಹಾಕಿಸಲಿ, ಉಳಿತಾಯದ ಹೆಸರು ಹೇಳುವುದು ಬೇಡ.

ಈ ಜಗಳವನ್ನು ಇತ್ಯರ್ಥ ಮಾಡಲು ಅಮೆರಿಕದ ತನಕ ಹೋಗಬೇಕಾಗಿಯೂ ಇಲ್ಲ. ನಮ್ಮ ದೇಶದಲ್ಲೇ ಇ20 ಬಂದು ಕಣ್ಣೆದುರು ದೊಡ್ಡ ಪ್ರಯೋಗ ನಡೆದುಹೋಗಿದೆ. ಶೇ 20 ಎಥೆನಾಲ್ ಬೆರೆತದ್ದರಿಂದ ರೆಗ್ಯುಲರ್ ಪೆಟ್ರೋಲಿನ ಆಕ್ಟೇನ್ 91ರಿಂದ 95ಕ್ಕೆ ಏರಿದೆ. ಆಕ್ಟೇನೇ ಮೈಲೇಜ್ ಆಗಿದ್ದರೆ ಊರಿಗೆ ಊರೇ ಸಂತೋಷಪಡಬೇಕಿತ್ತು. ಆದದ್ದು ತಿರುಗುಮುರುಗು. ಲೀಟರ್ ಎಥೆನಾಲ್‌ನಲ್ಲಿರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಇ0ಗಾಗಿ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 6–7, ಬೈಕುಗಳಲ್ಲಿ ಶೇ 3–4 ಮೈಲೇಜ್ ಇಳಿಯುತ್ತದೆ ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 2025ರ ಆಗಸ್ಟಿನಲ್ಲಿ ಪೆಟ್ರೋಲಿಯಂ ಸಚಿವಾಲಯ ಇ20ಯ ಪರ ಮಾತಾಡುವಾಗ ಇದೇ ಆಕ್ಟೇನನ್ನು ಮುಂದೆ ತಂದಿತು: ಎಥೆನಾಲ್‌ನದು 108.5, ಪೆಟ್ರೋಲಿನದು 84.4, ಆದ್ದರಿಂದ ಹೈ ಕಂಪ್ರೆಷನ್ ಇಂಜಿನ್‌ಗಳಿಗೆ ಲಾಭ. ಹೊಸದಾಗಿ ವಿನ್ಯಾಸವಾಗುವ ಇಂಜಿನ್ನಿನ ಮಟ್ಟಿಗೆ ವಾದ ಸರಿಯಾಗಿದೆ. ಹತ್ತು ವರ್ಷದ ಹಿಂದೆ ಕೊಂಡು ಇಂದೂ ಓಡಿಸುತ್ತಿರುವ ಗಾಡಿಯ ಕಂಪ್ರೆಷನ್ ಅದರ ತಯಾರಿಯ ದಿನವೇ ತೀರ್ಮಾನವಾಗಿದೆ. ಅದರ ಮಾಲೀಕನಿಗೆ ಏರಿದ ಆಕ್ಟೇನ್ ದಕ್ಕುವುದಿಲ್ಲ, ಇಳಿದ ಶಕ್ತಿ ಮಾತ್ರ ತಟ್ಟುತ್ತದೆ.

ಇ20ಯ ವಿರೋಧಿಗಳು ಎಥೆನಾಲ್ ಇಲ್ಲದ್ದು ಬೇಕೆಂದು ಎಕ್ಸ್‌ಪಿ100 ಹುಡುಕಿ ಹೋಗುತ್ತಿದ್ದಾರೆ. ಹಳೇ ಗಾಡಿಯ ರಬ್ಬರ್ ಭಾಗಗಳ ಚಿಂತೆಯಿದ್ದವರ ಮಾತು ಬೇರೆ. ಮೈಲೇಜಿಗಾಗಿ ಎಂದರೆ ಲೆಕ್ಕ ಕೂಡುವುದಿಲ್ಲ: ಲೀಟರಿಗೆ ₹160 ಕೊಟ್ಟರೆ ಮೈಲೇಜು ಒಂದೂವರೆ ಪಟ್ಟಿಗಿಂತ ಜಾಸ್ತಿಯಾಗಬೇಕು, ಮರಳಿ ಸಿಗುವುದು ಹೆಚ್ಚೆಂದರೆ ಶೇ 7.

ಎಥೆನಾಲ್ ಬೇಡವೆಂಬುದು ನನ್ನ ವಾದವಲ್ಲ. ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರ ಬಾಕಿ ತೀರಲು ಅದರಿಂದ ದಾರಿಯಾಗುವುದಾದರೆ ಆಗಲಿ. ಶಕ್ತಿ ಕಡಿಮೆಯಾದ ಇಂಧನವನ್ನು ಆಕ್ಟೇನ್ ಹೆಸರಿನಲ್ಲಿ ಮೇಲ್ದರ್ಜೆಯದೆಂದು ಹೇಳುವುದಕ್ಕೆ ನನ್ನ ತಕರಾರು. ಇಂಥ ಮಿಶ್ರಣದ ಬೆಲೆ ಸಾಮಾನ್ಯ ಪೆಟ್ರೋಲಿಗಿಂತ ಕಡಿಮೆಯಿರಬೇಕು, ಶಕ್ತಿಯ ಕೊರತೆಯನ್ನು ಬೆಲೆಯಲ್ಲಿ ತುಂಬಿಕೊಡಬೇಕು ಎಂದು ನೀತಿ ಆಯೋಗದ ಅದೇ ವರದಿ ಶಿಫಾರಸು ಮಾಡಿತ್ತು. ಆಗ ಎಥೆನಾಲ್ ಅಗ್ಗವಾಗಿತ್ತು, 2025ರ ಜುಲೈ ಕೊನೆಗೆ ಅದರ ಸರಾಸರಿ ಬೆಲೆ ಲೀಟರಿಗೆ ₹71.32 ಆಗಿ ಪೆಟ್ರೋಲಿನ ಉತ್ಪಾದನಾ ವೆಚ್ಚವನ್ನೂ ಮೀರಿದೆ ಎನ್ನುವುದು ಸಚಿವಾಲಯದ ಉತ್ತರ. ಆ ವೆಚ್ಚ ಸರ್ಕಾರದ ಮತ್ತು ತೈಲ ಕಂಪನಿಗಳ ನಡುವಿನ ಲೆಕ್ಕ. ಬೈಕ್ ಸವಾರನಿಗೆ ಬರಬೇಕಾದ ಲೀಟರಿಗೆ ಮೂರು ನಾಲ್ಕು ರೂಪಾಯಿಯ ಬಾಕಿ ಅದರಿಂದ ವಜಾ ಆಗುವುದಿಲ್ಲ.